ಗುಳಿಗೆಯ ಜೊತೆ ಹೇಳಿ ಕಳಿಸಿದ್ದು

ನಾನು ನಿವೃತ್ತಳಾದ ದಿನ ಆಸ್ಪತ್ರೆಯ ಔಷಧ ವಿಭಾಗದ ಹುಡುಗಿಯರು ಒಂದು ಸಣ್ಣ ಬೀಳ್ಕೊಡುಗೆ ಇಟ್ಟುಕೊಂಡಿದ್ದರು. ಸಮೋಸ, ಉಸ್ಮಾನಿಯಾ ಬಿಸ್ಕತ್ತು, ಕಾಗದದ ಕಪ್ಪಿನಲ್ಲಿ ಚಹಾ. ರಾಯಚೂರಿನಿಂದ ಬಂದು ಹೊಸದಾಗಿ ಸೇರಿದ್ದ ಒಬ್ಬಳು ಎದ್ದು ನಿಂತು, "ಅಕ್ಕೋರ, ಇಷ್ಟು ವರ್ಸದಾಗ ಕಲ್ತದ್ದನ್ನ ನಮಗ ಒಂದು ಮಾತಿನ್ಯಾಗ ಹೇಳ್ರಿ" ಅಂದಳು. ನಾನು ಹಿಂದೆಮುಂದೆ ನೋಡದೆ "ರೋಗಿಗೆ ಯಾವತ್ತೂ ಖರೇ ಹೇಳ್ರಿ" ಅಂದುಬಿಟ್ಟೆ. ಚಪ್ಪಾಳೆ ಬಿತ್ತು. ಮನೆಗೆ ಹೋಗುವ ಬಸ್ಸಿನಲ್ಲಿ ಕೂತಾಗ, ಛೇ, ಅದು ತಪ್ಪಾಯಿತು, "ಎಲ್ಲಾನೂ ಹೇಳಬ್ಯಾಡ್ರಿ" ಅನ್ನಬೇಕಿತ್ತು ಅನ್ನಿಸಿತು. ಬಸ್ಸು ಇಳಿಯುವ ಹೊತ್ತಿಗೆ ಅದೂ ತಪ್ಪು ಅನ್ನಿಸಿತು. ಆ ಹುಡುಗಿಗೆ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಓದಿದ ಮೇಲೆ ನಿಮಗೇನಾದರೂ ತಿಳಿದರೆ ನನಗೂ ತಿಳಿಸಿ.

ನಾನು ಲಿಂಗಸುಗೂರಿನ ಕಡೆಯವಳು. ಮದುವೆಯಾಗಿ ಹೈದರಾಬಾದಿಗೆ ಬಂದೆ. ತಾರ್ನಾಕದ ಹತ್ತಿರದ ಒಂದು ಧರ್ಮದ ಆಸ್ಪತ್ರೆಯಲ್ಲಿ ಔಷಧ ಕೊಡುವ ಕಿಟಕಿಯ ಹಿಂದೆ ಮೂವತ್ತು ವರ್ಷ ನಿಂತೆ. ಬಡ್ತಿಗಳು ಬಂದವು, ಸ್ಟೂಲು ಹೋಗಿ ಕುರ್ಚಿ ಬಂತು, ಅದರಲ್ಲಿ ಬರೆಯುವಂಥದ್ದು ಏನೂ ಇಲ್ಲ.

ನಾನು ಸೇರಿದಾಗ ಔಷಧ ವಿಭಾಗದ ಮುಖ್ಯಸ್ಥರಾಗಿದ್ದವರು ಹಮೀದ್ ಸಾಹೇಬರು. ಬಿಳಿ ಗಡ್ಡ, ಬಿಳಿ ಜುಬ್ಬಾ, ಕಿವಿಯ ಮೇಲೆ ಪೆನ್ಸಿಲ್. ಆಗ ಗುಳಿಗೆಗಳು ದೊಡ್ಡ ಡಬ್ಬಿಗಳಲ್ಲಿ ಬರುತ್ತಿದ್ದವು. ಎಣಿಸಿ, ಖಾಕಿ ಕಾಗದದ ಪೊಟ್ಟಣದಲ್ಲಿ ಹಾಕಿ, ಅದರ ಮೇಲೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿಗೆಂದು ಅರ್ಧ ಸೂರ್ಯ, ಪೂರ್ತಿ ಸೂರ್ಯ, ಚಂದ್ರ ಬರೆದು ಕೊಡುವುದು ನಮ್ಮ ಕೆಲಸ. ಗುಳಿಗೆಯ ಹೆಸರು ರೋಗಿಗೆ ಗೊತ್ತಿಲ್ಲ, ಅದು ಮೈಯಲ್ಲಿ ಏನು ಮಾಡುತ್ತದೆಂದೂ ಗೊತ್ತಿಲ್ಲ. ಯಾರಾದರೂ ಕೇಳಿದರೆ ಸಾಹೇಬರು ಕೈಮುಗಿದು ನಕ್ಕು ಮುಂದಿನವರನ್ನು ಕರೆಯುತ್ತಿದ್ದರು. ಕಾಲೇಜಿನಿಂದ ಆಗಷ್ಟೇ ಬಂದ ನನಗೆ ಇದು ಭಾರಿ ಅನ್ಯಾಯ ಅನ್ನಿಸುತ್ತಿತ್ತು. ಒಮ್ಮೆ ಒಬ್ಬ ಮುದುಕಿಗೆ ಅವಳ ಔಷಧದ ಬಗ್ಗೆ ಹೇಳಲು ಹೋದಾಗ ಸಾಹೇಬರು ನನ್ನನ್ನು ಒಳಗೆ ಕರೆದು, "ದವಾ ದೇವ್ ಅಮ್ಮಾ, ಡರ್ ನಕ್ಕೋ ದೇವ್" ಅಂದರು. ಔಷಧ ಕೊಡು, ಹೆದರಿಕೆ ಕೊಡಬೇಡ ಎಂದು. ನನಗೆ ಸಿಟ್ಟು ಬಂತು. ಓದಿಲ್ಲದ ಬಡವರನ್ನು ಕತ್ತಲಲ್ಲಿ ಇಡುವುದಕ್ಕೆ ಇದೊಂದು ನೆವ ಅಂದುಕೊಂಡೆ.

ಆ ಸಿಟ್ಟು ಇನ್ನೂ ಆರದಿರುವಾಗಲೇ ಇನ್ನೊಂದು ನಡೆಯಿತು. ರಕ್ತದೊತ್ತಡದ ಗುಳಿಗೆ ಯಾವಾಗಲೂ ಬಿಳಿ ಬಣ್ಣದ್ದು ಬರುತ್ತಿತ್ತು. ಒಂದು ತಿಂಗಳು ಬೇರೆ ಕಂಪನಿಯದು ಬಂತು, ಅದೇ ಔಷಧ, ಬಣ್ಣ ಮಾತ್ರ ಗುಲಾಬಿ. ವಾರದೊಳಗೆ ಕಿಟಕಿಯ ಮುಂದೆ ಜನ ಸೇರಿದರು. ಒಬ್ಬರಿಗೆ ತಲೆ ಸುತ್ತು, ಒಬ್ಬರಿಗೆ ಹೊಟ್ಟೆ ತೊಳೆಸು, ಒಬ್ಬರಿಗೆ ಕಿವಿಯಲ್ಲಿ ಗುಂಯ್ ಅನ್ನುವ ಸದ್ದು. ನಾನು ಎರಡೂ ಗುಳಿಗೆಗಳನ್ನು ಅಂಗೈಯಲ್ಲಿಟ್ಟು, ಇದೂ ಅದೇ, ಅದೂ ಇದೇ ಎಂದು ಗಂಟಲು ಹರಿಯುವ ಹಾಗೆ ಹೇಳಿದೆ. ಯಾರೂ ನಂಬಲಿಲ್ಲ. ಆಮೇಲೆ ಸಾಹೇಬರು ಬಂದು ಗುಲಾಬಿ ಗುಳಿಗೆಯನ್ನು ಎತ್ತಿ ಹಿಡಿದು, "ಯೇ ಉಸ್ಕಾ ಬಡಾ ಭಾಯಿ ಹೈ. ಪಾನೀ ಜ್ಯಾದಾ ಪೀವ್, ಹಲ್ಲೂ ಬೈಠೋ" ಅಂದರು. ಇದು ಅದರ ಅಣ್ಣ, ನೀರು ಜಾಸ್ತಿ ಕುಡಿಯಿರಿ, ನಿಧಾನ ಕೂತುಕೊಳ್ಳಿ. ಮುಂದಿನ ವಾರ ಯಾರಿಗೂ ತಲೆ ಸುತ್ತಲಿಲ್ಲ. ನಿಜ ಹೇಳಿದ ನನ್ನನ್ನು ಜನ ಅನುಮಾನದಿಂದ ನೋಡಿದರು, ಸುಳ್ಳು ಹೇಳಿದವರಿಗೆ ದಾಳಿಂಬೆ ತಂದುಕೊಟ್ಟರು. ನಾನು ಎರಡು ದಿನ ಸಾಹೇಬರ ಜೊತೆ ಮಾತು ಬಿಟ್ಟೆ.

ಸಾಹೇಬರು ನಿವೃತ್ತರಾಗಿ ಎಷ್ಟೋ ವರ್ಷವಾದ ಮೇಲೆ, ತೆಲಂಗಾಣ ಬೇರೆ ರಾಜ್ಯವಾದ ಹೊಸತರಲ್ಲಿ, ನಮ್ಮಲ್ಲಿಗೆ ಡಾಕ್ಟರ್ ಸುಧಾಕರ್ ಬಂದರು. ಹೃದಯದ ಡಾಕ್ಟರು, ನನಗಿಂತ ಚಿಕ್ಕವರು, ಹೊರಗೆ ಓದಿ ಬಂದವರು, ಮನುಷ್ಯ ಒಳ್ಳೆಯವರು. ಅವರು ತಂದ ಮೊದಲ ನಿಯಮವೇ, ಪ್ರತಿ ರೋಗಿಯನ್ನೂ ಕೂರಿಸಿಕೊಂಡು ಔಷಧದ ಅಡ್ಡ ಪರಿಣಾಮಗಳನ್ನು ಹೇಳಬೇಕು ಅನ್ನುವುದು. ಕಿಟಕಿಯ ಪಕ್ಕ ಪ್ಲೈವುಡ್ಡಿನ ಒಂದು ಗೂಡು ಮಾಡಿಸಿದರು. ಒಂದು ಮೇಜು, ಎರಡು ಕುರ್ಚಿ, ಒಂದು ರಿಜಿಸ್ಟರು. ಯಾವ ಗುಳಿಗೆ, ಯಾವ ಭಾಷೆಯಲ್ಲಿ ಹೇಳಿದ್ದು, ಮುಂದಿನ ಸಲ ಬಂದಾಗ ರೋಗಿ ಏನು ತೊಂದರೆ ಹೇಳಿದ ಎಂಬುದನ್ನು ಅವನದೇ ಮಾತಿನಲ್ಲಿ ಬರೆಯಬೇಕು. ಆ ಗೂಡಿಗೆ ನನ್ನನ್ನು ಕೂರಿಸಿದರು. ನನಗೆ ಸ್ವರ್ಗ ಮೂರೇ ಗೇಣು. ಇನ್ನು ಮೇಲೆ ಅಣ್ಣ ತಮ್ಮ ಅನ್ನುವ ಕಥೆಗಳಿಲ್ಲ, ಇದ್ದದ್ದು ಇದ್ದ ಹಾಗೆ.

ಇಲ್ಲಿ ನನ್ನ ಬಗ್ಗೆ ಒಂದು ವಿಷಯ ಹೇಳಬೇಕು. ನನ್ನ ತೆಲುಗು ಕಾಗದದ ತೆಲುಗು. ಆಸ್ಪತ್ರೆಯವರು ಕೊಟ್ಟ ಹಾಳೆಯಲ್ಲಿ ಇದ್ದದ್ದನ್ನು ಒಂದು ನಿಮಿಷದಲ್ಲಿ ಒಪ್ಪಿಸಿ ಮುಗಿಸುತ್ತಿದ್ದೆ. ಹಿಂದಿಯೂ ಅಷ್ಟೇ. ಆದರೆ ಕನ್ನಡದವರು ಬಂದರೆ ಕಥೆಯೇ ಬೇರೆ. ನಿಮ್ಮದು ಯಾವೂರು, ಯಾರ ಪೈಕಿ, ಇಲ್ಲಿ ಯಾವ ಬಸ್ತಿಯಲ್ಲಿ ಮನೆ ಅನ್ನುವುದರಿಂದ ಶುರು. ದಿನವಿಡೀ ಪರಭಾಷೆ ಆಡಿ ಒಣಗಿದ ನಾಲಗೆಗೆ ನಮ್ಮ ಮಾತು ಸಿಕ್ಕರೆ ಬಿಡುತ್ತದೆಯೇ? ಕನ್ನಡಕ್ಕೆ ಹಾಳೆಯೇ ಇರಲಿಲ್ಲವಾದ್ದರಿಂದ ನಾನೇ ಮನಸ್ಸಿನಲ್ಲಿ ಅನುವಾದ ಮಾಡಿ ಹೇಳುತ್ತಿದ್ದೆ. ತೆಲುಗು ಹಾಳೆಯಲ್ಲಿ ಬರೀ "ಸ್ನಾಯು ನೋವು" ಎಂದು ಇದ್ದದ್ದು ನನ್ನ ಬಾಯಲ್ಲಿ "ಒದ್ದಿ ಸೀರಿ ಹಿಂಡಿದಂಗ ತೊಡಿ ಹಿಂಡಬಹುದು" ಎಂದಾಗುತ್ತಿತ್ತು. "ತಲೆ ಸುತ್ತು" ಎಂಬುದು "ನೆಲ ಜೋಕಾಲಿ ಆಡಿದಂಗ" ಎಂದಾಗುತ್ತಿತ್ತು. ನಮ್ಮಜ್ಜಿ ಹಾಗೆ ಮಾತಾಡುತ್ತಿದ್ದಳು, ಅವಳಿಂದ ನನಗೆ ಬಂದದ್ದು. ನಮ್ಮ ಮಂದಿಗೆ ಸ್ವಲ್ಪ ಹೆಚ್ಚು ಕಾಳಜಿ ತೋರಿಸುತ್ತಿದ್ದೇನೆ ಎಂದು ಒಳಗೊಳಗೇ ಹೆಮ್ಮೆ ಬೇರೆ.

ಈಗಿನ ಹುಡುಗರು ಫೋನಿನಲ್ಲೇ ಎಲ್ಲ ಓದಿಕೊಂಡು ಬರುತ್ತಾರೆ. ಮೈಸೂರಿನ ಕಡೆಯ ಒಬ್ಬ ಸಾಫ್ಟ್‌ವೇರ್ ಹುಡುಗ ಅಲರ್ಜಿಗೆ ಗುಳಿಗೆ ತೆಗೆದುಕೊಂಡು ಹೋದವನು ಅರ್ಧ ಗಂಟೆಯಲ್ಲಿ ವಾಪಸ್ ಬಂದ. "ಮೇಡಂ, ಬಾಯಿ ಒಣಗ್ತಾ ಇದೆ, ಕಣ್ಣು ಎಳೀತಾ ಇದೆ, ಎದೆ ಡವಡವ ಅಂತಿದೆ." ಫೋನಿನಲ್ಲಿ ಆ ಗುಳಿಗೆಯ ಪಟ್ಟಿ ತೆರೆದೇ ಇತ್ತು, ಅವನು ಮೇಲಿನಿಂದ ಕೆಳಗೆ ಸಾಲಾಗಿ ಹೇಳಿದ. ಎಷ್ಟು ಹೊತ್ತಿಗೆ ತಗೊಂಡ್ರಿ ಎಂದು ಕೇಳಿದೆ. ಅವನು ಜೇಬಿನಿಂದ ಗುಳಿಗೆಯ ಸ್ಟ್ರಿಪ್ ತೆಗೆದ. ಹತ್ತಕ್ಕೆ ಹತ್ತೂ ಗುಳಿಗೆ ಅದರಲ್ಲೇ ಇದ್ದವು. "ಇನ್ನೂ ತಗೊಂಡಿಲ್ಲ ಮೇಡಂ, ಊಟ ಆದ್ಮೇಲೆ ತಗೊಳ್ಳೋಣ ಅಂತ." ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ನಗುವಾಗ ನನಗೆ ನನ್ನದೇ ಗೂಡು ನೆನಪಾಗಬೇಕಿತ್ತು. ಆಗಲಿಲ್ಲ.

ಅದೇ ದಿನಗಳಲ್ಲಿ ಶರಣಪ್ಪ ಬಂದ. ಕುಷ್ಟಗಿ ಕಡೆಯವನು, ವಯಸ್ಸು ಐವತ್ತರ ಒಳಗೆ, ಜೀಡಿಮೆಟ್ಲಾದ ಒಂದು ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವ ಕೆಲಸ. ಹೃದಯಾಘಾತವಾಗಿ ನಮ್ಮಲ್ಲೇ ಸ್ಟೆಂಟ್ ಹಾಕಿದ್ದರು. ಜೊತೆಗೆ ಹೆಂಡತಿ ಮಹಾದೇವಿ, ಕೈಯಲ್ಲಿ ಫೈಲು ಹಿಡಿದುಕೊಂಡು ಅವನ ಹಿಂದೆಯೇ. ಕೊಟ್ಟ ಗುಳಿಗೆಗಳಲ್ಲಿ ಕೊಲೆಸ್ಟ್ರಾಲ್ ಇಳಿಸುವುದೂ ಒಂದು. ಅದನ್ನು ಬಿಡದೆ ತೆಗೆದುಕೊಂಡರೆ ರಕ್ತನಾಳ ಮತ್ತೆ ಕಟ್ಟಿಕೊಳ್ಳುವ ಅಪಾಯ ಕಡಿಮೆ, ಬಿಟ್ಟರೆ ಜೀವಕ್ಕೆ ಜವಾಬ್ದಾರಿ ಯಾರೂ ಅಲ್ಲ ಎಂದು ಡಾಕ್ಟರ್ ಸುಧಾಕರ್ ಅವರಿಬ್ಬರಿಗೂ ಖಂಡಿತವಾಗಿ ಹೇಳಿದ್ದರು. ನಾನು ನನ್ನ ಪಾಲಿನದು ಹೇಳಿದೆ. ಮುಕ್ಕಾಲು ಗಂಟೆ ಹೇಳಿದೆ. ಒದ್ದೆ ಸೀರೆಯೂ ಬಂತು. ಶರಣಪ್ಪ ಕಣ್ಣು ಮಿಟುಕಿಸದೆ ಕೇಳಿ, "ಇಷ್ಟು ಚಂದ ಯಾರೂ ತಿಳಿಸಿ ಹೇಳಿರಲಿಲ್ರಿ ಅಕ್ಕೋರ" ಅಂದ.

ಹದಿನೈದು ದಿನಕ್ಕೆ ಕುಂಟುತ್ತ ಬಂದ.

"ಆ ಗುಳಿಗಿ ಬಿಟ್ಟೀನ್ರಿ" ಅಂದ. "ಒದ್ದಿ ಸೀರಿ ಹಿಂಡಿದಂಗ ತೊಡಿ ಹಿಂಡಾಕತ್ತಾವ್ರಿ. ಬಾಯ್ಲರ್ ಏಣಿ ಹತ್ತಾಕ ಆಗವಲ್ದು."

ರಕ್ತ ಪರೀಕ್ಷೆ ಮಾಡಿಸಿದರು. ಸ್ನಾಯುಗಳಿಗೆ ಪೆಟ್ಟಾಗಿದ್ದರೆ ಏರಬೇಕಾದ ಅಂಶ ಏರಿರಲಿಲ್ಲ, ಎಲ್ಲ ಸರಿಯಾಗಿತ್ತು. ನಾನು ರಿಜಿಸ್ಟರಿನಲ್ಲಿ ಅವನ ಮಾತನ್ನು ಹಾಗೆಯೇ ಬರೆಯುತ್ತಿದ್ದಾಗ ಕೈ ನಿಂತಿತು. ಈ ಮಾತನ್ನು ಇತ್ತೀಚೆಗೆ ಎಲ್ಲೋ ಬರೆದಿದ್ದೇನಲ್ಲ? ಹಾಳೆ ತಿರುಗಿಸಿದೆ. ಕನ್ನಡ ಎಂದು ಬರೆದ ಸಾಲುಗಳಲ್ಲಿ ಮತ್ತೆ ಮತ್ತೆ ಅದೇ. ತೊಡಿ ಹಿಂಡಿದಂಗ. ಸೀರಿ ಹಿಂಡಿದಂಗ. ನೆಲ ಜೋಕಾಲಿ ಆಡಿದಂಗ. ಯಾದಗಿರಿಯವರು, ಕಲಬುರಗಿಯವರು, ಒಬ್ಬರಿಗೊಬ್ಬರು ಗುರುತೇ ಇಲ್ಲದವರು, ನಮ್ಮಜ್ಜಿಯ ಮಾತಿನಲ್ಲಿ ನೋಯುತ್ತಿದ್ದರು. ತೆಲುಗಿನ ಸಾಲುಗಳಲ್ಲಿ ನೋವು ಇಲ್ಲವೆಂದಲ್ಲ, ಆದರೆ ವಿರಳ, ಒಬ್ಬೊಬ್ಬರದು ಒಂದೊಂದು ರೀತಿ. ನಾನು ಯಾರಿಗೆ ಅವಸರದಲ್ಲಿ ಒಪ್ಪಿಸಿ ಕಳಿಸಿದ್ದೆನೋ ಅವರು ಆರಾಮಾಗಿ ಗುಳಿಗೆ ನುಂಗುತ್ತಿದ್ದರು. ಯಾರಿಗೆ ಪ್ರೀತಿಯಿಂದ ಕೂರಿಸಿ ಹೇಳಿದ್ದೆನೋ ಅವರು ಕುಂಟುತ್ತಿದ್ದರು.

ರಿಜಿಸ್ಟರನ್ನು ಡಾಕ್ಟರ್ ಸುಧಾಕರ್ ಮುಂದಿಟ್ಟೆ. ಅವರು ಬಹಳ ಹೊತ್ತು ನೋಡಿ, ಹೀಗಾಗುವುದುಂಟು ಮೇಡಂ, ನೋವು ಬರುತ್ತದೆಂದು ಕಾಯುತ್ತ ಕೂತವನಿಗೆ ನೋವು ಬರುತ್ತದೆ, ಆ ನೋವು ಸುಳ್ಳಲ್ಲ, ಗುಳಿಗೆಯಿಂದ ಬಂದದ್ದೂ ಅಲ್ಲ ಎಂದರು. ಹಾಗಾದರೆ ಹೇಳುವುದನ್ನು ನಿಲ್ಲಿಸಲೇ ಎಂದು ಕೇಳಿದೆ. ನಿಲ್ಲಿಸುವ ಹಾಗಿಲ್ಲ, ತಿಳಿದುಕೊಳ್ಳುವುದು ರೋಗಿಯ ಹಕ್ಕು ಎಂದರು. ಹಾಗಾದರೆ ಹೇಳಲೇ ಎಂದೆ. ಹೇಳಿದರೆ ಹೀಗಾಗುತ್ತದಲ್ಲ ಎಂದರು. ಅತ್ತ ದರಿ, ಇತ್ತ ಪುಲಿ. ಅವರೂ ನನ್ನ ಹಾಗೆಯೇ ಗೊಂದಲದಲ್ಲಿದ್ದಾರೆ ಎಂದು ತಿಳಿದು ಒಂದು ಕ್ಷಣ ಸಮಾಧಾನವಾಯಿತು. ಆಮೇಲೆ ಇನ್ನೂ ಹೆದರಿಕೆಯಾಯಿತು.

ಶರಣಪ್ಪನಿಗೆ ನಿಜವನ್ನೇ ಹೇಳಿ ನೋಡೋಣವೆಂದು ಕರೆಸಿದೆ.

"ಶರಣಪ್ಪಾರ, ನಿಮ್ಮ ತೊಡಿ ನೋವು ಗುಳಿಗಿದಲ್ರಿ. ನಾ ಹೇಳಿದ್ನಲ್ಲ, ಆ ಮಾತು ಮನಸ್ಸಿನ್ಯಾಗ ಕುಂತು ನೋಯಾಕತ್ತೈತಿ."

ಅವನ ಮುಖ ಕೆಂಪಾಯಿತು. "ಅಂದ್ರ, ನಾ ನಾಟಕ ಮಾಡಾಕತ್ತೀನೇನ್ರಿ?"

"ಛೇ, ಹಂಗಲ್ರಿ..."

"ಏಣಿ ಹತ್ತುವಾಗ ಕಣ್ಣಾಗ ನೀರು ಬರತಾವ್ರಿ ನನಗ. ಅದು ಮನಸ್ಸಿನ್ಯಾಗಿಂದೇನು?" ಎಂದು ಎದ್ದು ಹೋದ. ಮಹಾದೇವಿ ಫೈಲು ಎದೆಗೆ ಒತ್ತಿಕೊಂಡು ಬಾಗಿಲಲ್ಲಿ ನಿಂತಳು. "ಅಕ್ಕೋರ, ಹೆಂಗರ ಮಾಡಿ ಅವರು ಗುಳಿಗಿ ತಗೊಳ್ಳಂಗ ಮಾಡ್ರಿ. ಅವತ್ತು ನನ್ನ ಕಣ್ಣ ಮುಂದ ಎದಿ ಹಿಡಕೊಂಡು ಬಿದ್ದಾರ" ಅಂದಳು.

ಡಾಕ್ಟರಿಗೆ ಹೇಳಿದೆ. ಅವರ ಕೋಣೆಯ ಹೊರಗೆ ರೋಗಿಗಳು ಕಾಯುತ್ತಿದ್ದರು. "ಏದೋ ಒಕಟಿ ಚೆಪ್ಪಿ ತಿನಿಪಿಂಚಂಡಿ, ಮೇಡಂ" ಅಂದರು. ಏನೋ ಒಂದು ಹೇಳಿ ತಿನ್ನಿಸಿ ಎಂದು. ನನಗೆ ಸಾಹೇಬರ ಗುಲಾಬಿ ಗುಳಿಗೆ ನೆನಪಾಯಿತು. ಅದೇ ಔಷಧ ಇನ್ನೊಂದು ಕಂಪನಿಯಿಂದ ಹಳದಿ ಬಣ್ಣದಲ್ಲಿ ಬರುತ್ತಿತ್ತು. ಶರಣಪ್ಪನನ್ನು ಮತ್ತೆ ಕರೆಸಿ, ಅದನ್ನು ಕೈಗಿಟ್ಟು, "ಇದು ಬ್ಯಾರೆ ಗುಳಿಗಿ. ಇದರಾಗ ಆ ತ್ರಾಸ ಇಲ್ಲ, ನಿಶ್ಚಿಂತಿ ತಗೋರಿ" ಅಂದೆ. ಅಷ್ಟು ವರ್ಷಗಳಲ್ಲಿ ಆ ಕಿಟಕಿಯಲ್ಲಿ ನಾನು ಹೇಳಿದ ಮೊದಲ ಚೊಕ್ಕ ಸುಳ್ಳು ಅದು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಅಂದುಕೊಂಡೆ.

ವಾರದಲ್ಲಿ ಅವನ ತೊಡೆ ನೋವು ಮಾಯ. ತಿಂಗಳಿಗೆ ಬಂದಾಗ ಗೂಡಿನೊಳಗೆ ನಾಲ್ಕು ಬಸ್ಕಿ ಹೊಡೆದು ತೋರಿಸಿದ. ಕೆಲವು ತಿಂಗಳು ಹೀಗೇ ನಡೆಯಿತು. ತನ್ನ ಭಾವನನ್ನು, ಪಕ್ಕದ ಮನೆಯವರನ್ನು ಕರೆದುಕೊಂಡು ಬಂದು, "ಇವರಿಗೂ ತ್ರಾಸ ಇಲ್ಲದ್ದಽ ಕೊಡ್ರಿ" ಎನ್ನುತ್ತಿದ್ದ. ನಾನು ಬೀಗಿದೆ. ಬೇರೆ ಕನ್ನಡದವರಿಗೂ ಹೇಳುವುದನ್ನು ಕಡಿಮೆ ಮಾಡುತ್ತ ಬಂದೆ. ರಿಜಿಸ್ಟರಿನಲ್ಲಿ ತೊಡೆ ನೋವುಗಳು ಕಡಿಮೆಯಾದವು. ಹಮೀದ್ ಸಾಹೇಬರನ್ನು ಹುಡುಕಿಕೊಂಡು ಹೋಗಿ ಕ್ಷಮೆ ಕೇಳಬೇಕು ಎಂದು ಕೂಡ ಯೋಚಿಸಿದೆ.

ಆಮೇಲೆ ಒಂದು ಮಧ್ಯಾಹ್ನ ಶರಣಪ್ಪನನ್ನು ಗಾಲಿ ಕುರ್ಚಿಯಲ್ಲಿ ತಳ್ಳಿಕೊಂಡು ಬಂದರು. ಎದ್ದು ನಿಲ್ಲಲು ಆಗುತ್ತಿರಲಿಲ್ಲ. ಮೂತ್ರ ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಹಿಂದಿನ ವಾರ ಕೆಮ್ಮು ಬಂದು ಕಾರ್ಖಾನೆಯ ಹತ್ತಿರದ ಯಾವುದೋ ಕ್ಲಿನಿಕ್ಕಿನಲ್ಲಿ ಔಷಧ ತೆಗೆದುಕೊಂಡಿದ್ದ. ಆ ಔಷಧಕ್ಕೂ ಕೊಲೆಸ್ಟ್ರಾಲ್ ಗುಳಿಗೆಗೂ ಆಗಿಬರುವುದಿಲ್ಲ. ಎರಡೂ ಸೇರಿ ಅವನ ಸ್ನಾಯುಗಳು ನಿಜವಾಗಿ ಕರಗತೊಡಗಿದ್ದವು, ಆ ಕರಗಿದ್ದು ಮೂತ್ರಪಿಂಡಕ್ಕೆ ಹೋಗಿ ಕಟ್ಟಿಕೊಳ್ಳುತ್ತಿತ್ತು. ಇಂಥದ್ದು ತೀರಾ ಅಪರೂಪ. ಆದರೆ ಬೇರೆ ಎಲ್ಲೇ ಔಷಧ ತೆಗೆದುಕೊಂಡರೂ ಈ ಗುಳಿಗೆ ನುಂಗುತ್ತಿದ್ದೇನೆಂದು ಹೇಳಿ ಎನ್ನುವುದು, ಮೂತ್ರದ ಬಣ್ಣ ಬದಲಾದರೆ ಓಡಿ ಬನ್ನಿ ಎನ್ನುವುದು, ಇವೆರಡೂ ನಮ್ಮ ಹಾಳೆಯಲ್ಲಿದ್ದ ಸಾಲುಗಳೇ. ಹೊಸ ಗುಳಿಗೆ ಕೊಡುವಾಗ ನಾನು ಅವನ್ನು ಬಿಟ್ಟಿದ್ದೆ. ಹೇಳಿದರೆ ಮತ್ತೆ ಹೆದರುತ್ತಾನೆ ಎಂದು ಬಿಟ್ಟಿದ್ದೆ.

"ನಾಕು ದಿನದಿಂದ ನೋಯಾಕತ್ತಿತ್ರಿ" ಎಂದು ಮಹಾದೇವಿ ಅಳುತ್ತ ಹೇಳಿದಳು. "ದವಾಖಾನಿಗೆ ಹೋಗೂಣು ಅಂತ ನಾ ಬಡಕೊಂಡೆ. ಇವರು, ಅಕ್ಕೋರು ಹೇಳ್ಯಾರ, ಈ ಗುಳಿಗ್ಯಾಗ ಆ ತ್ರಾಸ ಇಲ್ಲ, ಏಣಿ ಹತ್ತಿ ನೋತಿರಬೇಕು, ಎಣ್ಣಿ ತಿಕ್ಕು ಅಂದ್ರು. ನಾ ನಾಕು ದಿನ ಎಣ್ಣಿ ತಿಕ್ಕೀನ್ರಿ."

ಮೊದಲ ಸಲ ಏನೂ ಆಗದಿದ್ದಾಗ ನನ್ನ ಮಾತು ಕೇಳಿ ನೋವಿನಿಂದ ಓಡಿ ಬಂದಿದ್ದ. ಈ ಸಲ ಜೀವಕ್ಕೆ ಬಂದಾಗ ನನ್ನ ಮಾತು ಕೇಳಿ ಮನೆಯಲ್ಲಿ ಕೂತಿದ್ದ. ಐದು ದಿನ ಸಲೈನ್ ಹರಿಸಿದರು. ಆ ಐದು ದಿನ ನಾನು ಅನ್ನ ಉಂಡೆನೋ ಬಿಟ್ಟೆನೋ ನೆನಪಿಲ್ಲ. ಗಂಟೆಗೊಮ್ಮೆ ವಾರ್ಡಿಗೆ ಹೋಗಿ ಮಂಚದ ಕೆಳಗೆ ತೂಗುವ ಮೂತ್ರದ ಚೀಲದ ಬಣ್ಣ ನೋಡಿ ಬರುತ್ತಿದ್ದೆ. ನಾಲ್ಕನೆಯ ದಿನ ಬಣ್ಣ ತಿಳಿಯಾಯಿತು. ಮೂತ್ರಪಿಂಡ ಉಳಿಯಿತು.

ಆರನೆಯ ದಿನ ಅವನ ಮಂಚದ ಬಳಿ ಕೂತೆ. ಮಹಾದೇವಿ ಗೋಡೆಗೆ ಒರಗಿ ನಿಂತಿದ್ದಳು.

"ಶರಣಪ್ಪಾರ, ಆ ಹಳದಿ ಗುಳಿಗಿ ಬ್ಯಾರೆ ಅಲ್ರಿ. ಮೊದಲಿನ ಗುಳಿಗಿನಽ ಅದು. ಬಣ್ಣ ಅಷ್ಟ ಬ್ಯಾರೆ. ನಾ ನಿಮಗ ಸುಳ್ಳು ಹೇಳೀನಿ."

ಅವನು ಕೇಳಿದ, "ಹಂಗಾದ್ರ ನಡುವ ಅಷ್ಟು ತಿಂಗಳು ನನಗ ಏನೂ ಆಗಲಿಲ್ಲಲ್ರಿ. ಅದು ಏನು?"

"ಸುಳ್ಳು ನಂಬಿದ್ದಕ್ಕ ಇರಬೇಕ್ರಿ. ಖರೇ ನನಗ ಗೊತ್ತಿಲ್ಲ."

"ಮೊದಲ ನೋತದ್ದು?"

"ಅದು ನಾ ಹೇಳಿದ್ದಕ್ಕ ನೋತದ್ದು."

"ಈಗ ನೋತದ್ದು?"

"ಇದು ಗುಳಿಗಿದು."

ಅವನು ತಿರುಗುವ ಫ್ಯಾನನ್ನೇ ನೋಡುತ್ತಿದ್ದ. "ನನ್ನ ಕಾಲು ಯಾರ ಮಾತು ಕೇಳತಾವೋ ನನಗಽ ತಿಳಿವಲ್ದು ಅಕ್ಕೋರ" ಅಂದ. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ಸಿಟ್ಟು ಇದ್ದದ್ದು ಮಹಾದೇವಿಗೆ. "ನೀವು ನಮ್ಮ ಮಂದಿ ಅಂತ ನಂಬಿದ್ವಿರಿ" ಅಂದು ಮುಖ ತಿರುಗಿಸಿದಳು. ಕೆಲಸದಲ್ಲಿ ನಾನು ಅನೇಕ ಬೈಗಳು ತಿಂದಿದ್ದೇನೆ. ಇದೊಂದು ಮಾತು ಮಾತ್ರ ಇನ್ನೂ ಚುಚ್ಚುತ್ತದೆ.

ನಡೆದದ್ದನ್ನೆಲ್ಲ ಬರೆದು ಡಾಕ್ಟರ್ ಸುಧಾಕರ್‌ಗೆ ಕೊಟ್ಟೆ. ಅವರು ಕೆಳಗೆ, ಹೀಗೆ ಮಾಡಲು ಹೇಳಿದವನು ನಾನೇ ಎಂದು ಬರೆದು ಸಹಿ ಹಾಕಿದರು. ಅದಕ್ಕೇ ಅವರನ್ನು ಒಳ್ಳೆಯ ಮನುಷ್ಯ ಎಂದದ್ದು. ಆಮೇಲೆ ಇಬ್ಬರೂ ಕೂತು ಹಾಳೆಯನ್ನು ತಿದ್ದಿದೆವು. ಯಾವ ಲಕ್ಷಣಕ್ಕೆ ತಕ್ಷಣ ಬರಬೇಕು ಅನ್ನುವುದು ಮೊದಲು. ಬಹಳಷ್ಟು ಜನಕ್ಕೆ ಏನೂ ಆಗುವುದಿಲ್ಲ ಅನ್ನುವುದು ಆಮೇಲೆ. ಕನ್ನಡಕ್ಕೂ ಒಂದು ಹಾಳೆ, ಅದರಲ್ಲಿ ಸೀರೆ, ಜೋಕಾಲಿ ಇಲ್ಲ. ಇದು ಸರಿಯೇ? ಮೊದಲಿಗಿಂತ ಸರಿ ಎಂದಷ್ಟೇ ಹೇಳಬಲ್ಲೆ. ಹಾಳೆ ತಣ್ಣಗಿದ್ದರೂ ಹೇಳುವವರ ಮುಖ ಇದ್ದೇ ಇರುತ್ತದಲ್ಲ. ನನ್ನ ಹುಬ್ಬು ಗಂಟಾದದ್ದನ್ನು ನೋಡಿಯೇ ಹೊಟ್ಟೆ ಹಿಡಿದುಕೊಂಡವರಿದ್ದಾರೆ.

ಕೆಲವು ತಿಂಗಳ ಮೇಲೆ ಡಾಕ್ಟರು ಶರಣಪ್ಪನಿಗೆ ಬೇರೆಯೇ ಜಾತಿಯ ಗುಳಿಗೆ ಬರೆದರು. ಈ ಸಲ ನಿಜವಾಗಿಯೂ ಬೇರೆ. ಇಬ್ಬರೂ ಗೂಡಿಗೆ ಬಂದು ಕೂತರು. ನಾನು ಹಾಳೆ ಎತ್ತಿಕೊಂಡೆ. ಶರಣಪ್ಪ ಎದ್ದು ನಿಂತ.

"ನನಗ ಹೇಳಬ್ಯಾಡ್ರಿ. ಈಕಿಗೆ ಹೇಳ್ರಿ. ಈಕಿ ನನ್ನ ನೋಡ್ಕೋತಾಳ. ನನಗ ಗೊತ್ತಿಲ್ಲಂದ್ರ ಸುಳ್ಳ ನೋವು ಬರೂದಿಲ್ಲ. ಖರೇ ಬಂದ್ರ ಈಕಿ ಹಿಡೀತಾಳ" ಎಂದು ಹೊರಗೆ ಹೋಗಿ ಬೆಂಚಿನ ಮೇಲೆ ಬೆನ್ನು ತಿರುಗಿಸಿ ಕೂತ.

ನಾವು ಓದಿದವರಿಗೆ ಹೊಳೆಯದ ಉಪಾಯ ಬಾಯ್ಲರ್ ನೋಡುವವನಿಗೆ ಹೊಳೆಯಿತು ಎಂದು ನನಗೆ ಖುಷಿಯಾಯಿತು. ಮಹಾದೇವಿಗೆ ಎಲ್ಲ ಹೇಳಿದೆ, ಹಾಳೆಯಲ್ಲಿದ್ದಷ್ಟೇ. ಅವಳು ಒಂದೊಂದಕ್ಕೂ ತಲೆ ಆಡಿಸಿದಳು. ಕೊನೆಗೆ ಸೆರಗಿನಿಂದ ಮುಖ ಒರೆಸಿಕೊಂಡು, "ಇದನ್ನೆಲ್ಲಾ ನಾ ಒಬ್ಬಾಕೀನಽ ಹೊಟ್ಟ್ಯಾಗ ಇಟಗೊಂಡು ಕುಂಡರಬೇಕೇನ್ರಿ?" ಅಂದಳು. ನನ್ನ ಖುಷಿ ಅಲ್ಲಿಗೆ ಇಳಿಯಿತು. "ನನ್ನ ಫೋನ್ ನಂಬರ್ ತಗೋ ತಂಗಿ, ಐತಾರಕ್ಕೊಮ್ಮೆ ಮಾತಾಡೂಣು" ಅಂದೆ.

ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಅವಳ ಫೋನು. ನಾನು ನಿವೃತ್ತಳಾದ ಮೇಲೂ ನಿಲ್ಲಲಿಲ್ಲ. ಎದ್ದು ಕೂತರು, ಏಣಿ ಹತ್ತಿದರಂತೆ, ಸ್ನಾನದ ಮನೆಯಲ್ಲಿ ಜಾಸ್ತಿ ಹೊತ್ತು ಇದ್ದರು, ಮೂತ್ರದ ಬಣ್ಣ ನೋಡಲು ಆಗಲಿಲ್ಲ. ಪಾಪ, ಅವಳು ಗಂಡನನ್ನು ನೋಡುವುದನ್ನೇ ಒಂದು ಕೆಲಸ ಮಾಡಿಕೊಂಡಿದ್ದಳು. ಈಚೀಚೆಗೆ ಊಟ ಸೇರುತ್ತಿಲ್ಲ ಎನ್ನುತ್ತಿದ್ದಳು. ಅವನಿಗಲ್ಲ, ಅವಳಿಗೆ. ನಾನು ಏನು ಹೇಳಿದರೂ ಅವಳ ಹೆದರಿಕೆ ಕಡಿಮೆಯಾಗುತ್ತಿರಲಿಲ್ಲ. ಹೆಚ್ಚು ಹೇಳಲು ನನಗೂ ಹೆದರಿಕೆ.

ಹೋದ ಭಾನುವಾರ ಫೋನು ಬಂತು. ಎತ್ತಿದರೆ ಶರಣಪ್ಪ.

"ಅಕ್ಕೋರ, ಆರಾಮಿದ್ದೀರಿ? ಒಂದು ಕೆಲಸ ಮಾಡ್ರಿ. ಆ ಗುಳಿಗಿದ್ದು ನನಗಽ ಹೇಳಿಬಿಡ್ರಿ."

"ಯಾಕ್ರಿ, ಏನರ ನೋವು ಬಂತೇನು?"

"ನೋವು ಇಲ್ರಿ. ಈಕಿ ಮುಂಜಾನಿಂದ ಸಂಜೀತನಕ ನನ್ನ ಕಾಲು ನೋಡ್ತಾಳ, ಮಾರಿ ನೋಡ್ತಾಳ. ನಾ ಕೆಮ್ಮಿದ್ರ ಕೈಯಾಗಿನ ಲಟ್ಟಣಿಗಿ ಬಿಡ್ತಾಳ. ಈಕಿ ಮಾರಿ ನೋಡಿ ನೋಡಿ ನಾ ಮನಸ್ಸಿನ್ಯಾಗ ಒಂದು ಭಾಳ ದೊಡ್ಡ ಪಟ್ಟಿ ಮಾಡ್ಕೊಂಡೀನಿ. ನಿಮ್ಮ ಪಟ್ಟಿ ಅದಕ್ಕಿಂತ ಸಣ್ಣದಿರಬೇಕು. ಹೇಳ್ರಿ."

ಹಾಳೆ ನನ್ನ ಹತ್ತಿರ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಹೇಳಬೇಕೋ ಬಿಡಬೇಕೋ ಎಂದು ಅಳೆಯುತ್ತಲೇ ಹೇಳಿದೆ. ಮೂರು ವಿಷಯ. ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಓಡಿ ಬರಬೇಕು, ಬೇರೆ ಡಾಕ್ಟರಿಗೆ ಏನು ತೋರಿಸಬೇಕು. ಬಹಳಷ್ಟು ಜನಕ್ಕೆ ಏನೂ ಆಗುವುದಿಲ್ಲ ಎಂದೂ ಹೇಳಿದೆ. ಇದನ್ನು ಕೇಳಿ ನಾಳೆ ಅವನಿಗೆ ಎಲ್ಲಿ ಏನು ನೋಯುತ್ತದೋ ನನಗೆ ಗೊತ್ತಿಲ್ಲ. ನೋಯದೆ ಇರಲಿ ದೇವರೇ ಅಂದುಕೊಂಡೆ.

"ಇಷ್ಟಽ ಏನ್ರಿ?"

"ಇಷ್ಟಽ ರೀ, ಶರಣಪ್ಪಾರ."

ಅವನು ಫೋನು ಬಾಯಿಂದ ದೂರ ಹಿಡಿದದ್ದು ಗೊತ್ತಾಯಿತು. ಮನೆಯೊಳಗೆ ಎಲ್ಲೋ ಇದ್ದ ಹೆಂಡತಿಗೆ ಕೂಗಿ ಹೇಳುತ್ತಿದ್ದ.

"ಏ ಮಾದೇವಿ, ಇಷ್ಟಽ ಅಂತ. ನನಗೂ ಗೊತ್ತಾತು ಈಗ. ಬಾ, ಕುಂತು ರೊಟ್ಟಿ ತಿನ್ನು."